ಎದುರಾಳಿಯನ್ನು ಕಿತ್ತುಕೊಂಡವರು

ಅರ್ಲೀನ್ ಹಟ್ಸೆಲ್ ಬಾಯಿ ತೆರೆದರೆ ಎದುರು ತಂಡದ ಹುಡುಗರು ಕೈಯಲ್ಲಿದ್ದ ಚೆಂಡನ್ನೇ ಮರೆಯುತ್ತಿದ್ದರು ಎಂದು ಮಾರ್ಲೋ ಊರಿನವರು ಹೇಳುತ್ತಿದ್ದರು. ಇದರಲ್ಲಿ ಉತ್ಪ್ರೇಕ್ಷೆ ಇದ್ದೇ ಇದೆ, ಆದರೆ ತೀರಾ ಸುಳ್ಳೂ ಅಲ್ಲ. ಅವಳು ರಸ್ತೆ ಇಲಾಖೆಯಲ್ಲಿ ಲಾರಿ ಓಡಿಸುತ್ತಿದ್ದವಳು. ಚಳಿಗಾಲದಲ್ಲಿ ಅದೇ ಲಾರಿಯ ಮೂತಿಗೆ ಕಬ್ಬಿಣದ ದೊಡ್ಡ ಹಲಗೆ ಸಿಕ್ಕಿಸಿ ಹಿಮ ತಳ್ಳುತ್ತಿದ್ದಳು. ಇಂಜಿನ್ನಿನ ಗದ್ದಲವನ್ನು ಮೀರಿ ಕೂಗಿ ಕೂಗಿ ಪಳಗಿದ ಗಂಟಲು ಅದು.

ಅದೇ ಊರಿನ ವಾರ್ಡೆಲ್ ಕಾಲೇಜಿನ, ಚಾವಣಿ ಹೊದಿಸಿದ ಹಳೆಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ, ಹೊರಗಿನಿಂದ ಬಂದ ತಂಡ ಕೂರುವ ಬೆಂಚಿನ ಹಿಂದೆಯೇ, ಎರಡನೇ ಸಾಲಿನಲ್ಲಿ ಅವಳ ಜಾಗ. ಅವಳು ಆ ಕಾಲೇಜಿನಲ್ಲಿ ಓದಿದವಳಲ್ಲ. ಅವಳ ಅಪ್ಪ ಅಲ್ಲಿನ ಮರದ ನೆಲ ಉಜ್ಜಿ ಹೊಳಪು ಕೊಡುತ್ತಿದ್ದ. ಆ ನೆಲದ ಮೇಲೆ ಹೊರಗಿನವರು ಬಂದು ಓಡಾಡುವುದೇ ಅವಳಿಗೆ ಚಿಕ್ಕಂದಿನಿಂದ ಒಂದು ಅವಮಾನ. ಬಂದವರನ್ನು ಆಟ ಮುಗಿಯುವವರೆಗೂ ಅವಳು ಬಿಡುತ್ತಿರಲಿಲ್ಲ.

"ಏಯ್ ಕೋಚಪ್ಪಾ, ಆ ಟೈ ನಿನ್ನ ಹೆಂಡ್ತಿ ಕೊಡಿಸಿದ್ದೋ, ಅವಳ ವಕೀಲ ಕೊಡಿಸಿದ್ದೋ?"

ಕೋಚ್ ತಿರುಗಿ ನೋಡಿದರೆ ಮುಗಿಯಿತು, ಆ ಸಂಜೆಯೆಲ್ಲ ಅವನಿಗೇ ಪೂಜೆ. ಆದರೆ ಅವಳ ಬೈಗುಳಕ್ಕೂ ಒಂದು ಕಟ್ಟುನಿಟ್ಟಿತ್ತು. ಯಾರ ತಾಯಿಯ ಸುದ್ದಿಗೂ ಹೋಗುತ್ತಿರಲಿಲ್ಲ, ಮೈಬಣ್ಣದ ಮಾತು ಆಡುತ್ತಿರಲಿಲ್ಲ, ಪೆಟ್ಟಾಗಿ ಬಿದ್ದ ಹುಡುಗನ ಮೇಲೆ ಒಂದಕ್ಷರ ಎತ್ತುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಎತ್ತಿದರೆ ಅವರಿಗೆ ಇವಳಿಂದಲೇ ಮಂಗಳಾರತಿ ಆಗುತ್ತಿತ್ತು.

ಎಷ್ಟೋ ತಂಡಗಳು ಬಂದು ಹೋಗುತ್ತಿದ್ದವು, ಅವೆಲ್ಲ ಕೈ ಪಳಗಿಸಿಕೊಳ್ಳುವುದಕ್ಕೆ. ನಿಜವಾದ ಎದುರಾಳಿ ಒಹಾಯೊ ನದಿಯ ಆಚೆ ದಡದ ಟಾಲಿವರ್ ಕಾಲೇಜು. ಈಚೆಗೆ ಇಂಡಿಯಾನ, ಆಚೆಗೆ ಕೆಂಟಕಿ, ನಡುವೆ ಒಂದು ಸೇತುವೆ. ಈ ದಡದ ಹುಡುಗಿ ಆ ದಡದ ಹುಡುಗನನ್ನು ಮದುವೆಯಾಗಬೇಕಾದರೆ ಟಾಲಿವರ್ ಆಟದ ಶನಿವಾರ ತಪ್ಪಿಸಿ ದಿನ ಗೊತ್ತುಮಾಡುತ್ತಿದ್ದರು. ಸೇತುವೆಯ ಅರ್ಧದವರೆಗೆ ಹಿಮ ತಳ್ಳುವುದು ಅರ್ಲೀನಳ ಕೆಲಸ, ಉಳಿದರ್ಧ ಕೆಂಟಕಿಯವರದು. ಆಟದ ದಿನ ಅವರು ತಡಮಾಡಿದರೆ ಇವಳು ಗೆರೆ ದಾಟಿ ಅವರ ಪಾಲನ್ನೂ ತಳ್ಳಿಬಿಡುತ್ತಿದ್ದಳು. ಮೇಲಿನವರು ಕೇಳಿದರೆ, "ಅವ್ರು ಬರ್ದೇ ಇದ್ರೆ ನಾನು ಯಾರನ್ನ ಬೈಲಿ?" ಎನ್ನುತ್ತಿದ್ದಳು.

ಆ ಕಡೆಯಲ್ಲಿ ಇವಳಿಗೆ ಜೋಡಿಯಾಗಿ ರಸ್ಸೆಲ್ ಪೆನಿಕ್ ಎಂಬ ಕ್ಷೌರಿಕನಿದ್ದ. ಹಸುವಿನ ಕೊರಳಗಂಟೆ ಹಿಡಿದು ಬಂದು, ವಾರ್ಡೆಲ್ ಹುಡುಗರು ಚೆಂಡನ್ನು ಬುಟ್ಟಿಗೆ ಗುರಿಯಿಡುವ ಹೊತ್ತಿಗೆ ಸರಿಯಾಗಿ ಬಾರಿಸುತ್ತಿದ್ದ. ಅವಳು "ಹಸು ಎಲ್ಲೋ ಪೆನಿಕ್, ಮನೇಲಿ ಬಿಟ್ಟು ಬಂದ್ಯಾ?" ಎಂದರೆ, ಅವನು "ಎದುರಿಗೇ ಕೂತು ಕೂಗ್ತಾ ಇದೆಯಲ್ಲಾ!" ಎನ್ನುತ್ತಿದ್ದ. ಮೂವತ್ತಕ್ಕೂ ಹೆಚ್ಚು ವರ್ಷ ಅವರ ನಡುವೆ ಇದಕ್ಕಿಂತ ಬೇರೆ ಮಾತು ನಡೆದಿರಲಿಲ್ಲ. ಅವಳ ಗಂಡ ಹೃದಯ ನಿಂತು ತೀರಿಕೊಂಡಾಗ ಮಾತ್ರ ರಸ್ಸೆಲ್ ಮಣ್ಣಿಗೆ ಬಂದ, ಟಾಲಿವರ್‌ನ ಕೆಂಪು ಕೋಟು ತೊಟ್ಟುಕೊಂಡೇ. "ನನ್ನ ಹತ್ರ ಇರೋ ಒಳ್ಳೆ ಕೋಟು ಇದೊಂದೇ," ಎಂದ. ಅರ್ಲೀನಳಿಗೆ ಆ ಕೋಟು ನೋಡಿ ಸಿಟ್ಟು ಬಂತು. ಬೆಳಗಿನಿಂದ ಮರಗಟ್ಟಿದ್ದ ಮನಸ್ಸಿಗೆ ಆ ಸಿಟ್ಟು ಎಷ್ಟು ಹಿತವಾಗಿತ್ತೆಂದರೆ, ಅವನಿಗೆ ಎರಡು ತುಂಡು ಕಡುಬು ಹೆಚ್ಚಾಗಿಯೇ ಬಡಿಸಿದಳು.

ಅಂಥ ಟಾಲಿವರ್ ಒಂದು ಮಧ್ಯಾಹ್ನ ಕೈಬಿಟ್ಟು ಹೋಯಿತು.

ಆಗ ಅವಳು ಕೆಲಸದಿಂದ ನಿವೃತ್ತಳಾಗಿದ್ದಳು. ಪೇಟೆಯ ಹೋಟೆಲಿನಲ್ಲಿ ಜೋಳದ ರೊಟ್ಟಿ ಮುರಿದು ಹುರುಳಿಯ ಸಾರಿಗೆ ಅದ್ದುತ್ತಿದ್ದಾಗ ಗೋಡೆಯ ಟಿವಿಯಲ್ಲಿ ಟಾಲಿವರ್ ಅಧ್ಯಕ್ಷನ ಮುಖ ಕಾಣಿಸಿತು. ತಲೆಯ ಮೇಲೆ ಹೊಸ ಟೋಪಿ. ತಮ್ಮ ಕಾಲೇಜು, ಅಕ್ಕಪಕ್ಕದ ಕಾಲೇಜುಗಳು ತಮ್ಮತಮ್ಮಲ್ಲೇ ಆಡುವ ಹಳೆಯ ಒಕ್ಕೂಟ ಬಿಟ್ಟು, ಟಿವಿಯವರು ಕೋಟಿಗಟ್ಟಲೆ ಸುರಿಯುವ ದೊಡ್ಡ ಒಕ್ಕೂಟಕ್ಕೆ ಸೇರುತ್ತಿದೆ ಎಂದ. ಆ ಒಕ್ಕೂಟದಲ್ಲಿ ಟಾಲಿವರ್‌ಗೆ ಅತಿ ಹತ್ತಿರದ ಊರಿಗೂ ವಿಮಾನದಲ್ಲೇ ಹೋಗಬೇಕು. ವಾರ್ಡೆಲ್ ಜೊತೆಗಿನ ಆಟದ ಗತಿಯೇನು ಎಂದು ಯಾರೋ ಕೇಳಿದರು. ಆತ ಮುಗುಳ್ನಕ್ಕು, ಆ ನೆನಪುಗಳನ್ನು ನಾವು ಸದಾ ಗೌರವಿಸುತ್ತೇವೆ, ಆದರೆ ವೇಳಾಪಟ್ಟಿಯಲ್ಲಿ ಜಾಗವಿಲ್ಲ ಎಂದ.

ಅರ್ಲೀನ್ ಚಮಚ ಕೆಳಗಿಟ್ಟಳು. "ಜಾಗ ಇಲ್ವಂತೆ," ಎಂದಳು, ಯಾರಿಗೂ ಅಲ್ಲ. ಆಮೇಲೆ ಇಡೀ ಹೋಟೆಲಿಗೆ ಕೇಳುವಂತೆ, "ನಮ್ಗೇ ಜಾಗ ಇಲ್ವಂತ್ರೀ! ನಾಳೆ ನದಿಗೂ ಜಾಗ ಇಲ್ಲ ಅಂತಾನೆ ಈ ಬೇವರ್ಸಿ!"

ಮನೆಗೆ ಹೋಗಿ, ಜೀವನದಲ್ಲಿ ಮೊದಲ ಸಲ ರಸ್ಸೆಲ್‌ಗೆ ಫೋನು ಮಾಡಿದಳು.

"ನಾನು ಅರ್ಲೀನ್."

"ಗೊತ್ತಾಯ್ತು. ಫೋನ್ ಇಲ್ದೇ ಇದ್ರೂ ಕೇಳಿಸ್ತಿತ್ತು."

"ತಮಾಷೆ ಸಾಕು. ನಿಮ್ಮೋರು ಏನ್ ಮಾಡಿದಾರೆ ಅಂತ ಗೊತ್ತಾ ನಿಂಗೆ?"

ರಸ್ಸೆಲ್ ನಿಧಾನವಾಗಿ ಹೇಳಿದ. "ನನ್ನ ಸೀಟೂ ಹೋಯ್ತು ಕಣೇ. ಅಂಗಳ ಒಡೆದು ಹೊಸದಾಗಿ ಕಟ್ತಾರಂತೆ. ನನ್ನ ಜಾಗದಲ್ಲಿ ಬ್ಯಾಂಕಿನೋರು ಕೂತು ಸೀಗಡಿ ತಿಂತಾರಂತೆ. ನಂಗೆ ಮೇಲೆ, ದೀಪದ ಪಕ್ಕ ಕೊಟ್ಟಿದಾರೆ. ಗಂಟೆ ತರಬಾರ್ದಂತೆ, ಟಿವಿಯೋರಿಗೆ ತೊಂದ್ರೆ ಆಗತ್ತಂತೆ."

"ಅದಕ್ಕೆ ನೀನೇನ್ ಮಾಡ್ದೆ?"

"ಏನ್ ಮಾಡ್ಲಿ?"

"ನಿನ್ನನ್ನ ಇಷ್ಟು ವರ್ಷ ಗಂಡಸು ಅಂದ್ಕೊಂಡು ಬೈದ್ನಲ್ಲಾ, ನನ್ ಬಾಯಿಗಿಷ್ಟು ಮಣ್ಣು ಹಾಕ!" ಎಂದು ಫೋನು ಕುಕ್ಕಿದಳು.

ಟಾಲಿವರ್‌ನ ಹೊಸ ಅಂಗಳ ಏಳುವವರೆಗೂ ಆ ಸಿಟ್ಟು ಆರಲಿಲ್ಲ. ಅಲ್ಲಿ ಮೊದಲ ಆಟ ನಡೆಯುವ ದಿನ ಅವಳು ವಾರ್ಡೆಲ್‌ನ ಹಸಿರು ಅಂಗಿ ತೊಟ್ಟು ಒಬ್ಬಳೇ ಸೇತುವೆ ದಾಟಿದಳು. ಟಾಲಿವರ್ ಎದುರು ಆಡುತ್ತಿದ್ದದ್ದು ಮರುಭೂಮಿಯ ಕಡೆಯ ಯಾವುದೋ ವಿಶ್ವವಿದ್ಯಾಲಯ. ಅವಳಿಗೆ ಅವರ ಮೇಲೆ ಯಾವ ಹಗೆಯೂ ಇರಲಿಲ್ಲ. ಅಧ್ಯಕ್ಷ ಗಾಜಿನ ಕೋಣೆಯಲ್ಲಿ ಕೂತಿದ್ದದ್ದು ಕಂಡಿತು. ಅವಳು ಎದ್ದು ನಿಂತು, ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದಳು. "ಅಧ್ಯಕ್ಷಾ! ನದಿ ಆಚೆ ಬರೋಕೆ ಹೆದರಿಕೆಯಾ? ವಾರ್ಡೆಲ್ ಅಂದ್ರೆ ಕಾಲು ನಡುಗತ್ತಾ?"

ಗಾಜಿನ ಹಿಂದಿದ್ದವನಿಗೆ ಕೇಳಿಸಲಿಲ್ಲ. ಚಾವಣಿಯಿಂದ ಸಿಡಿಯುತ್ತಿದ್ದ ಹಾಡಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಪಕ್ಕದ ಸಾಲಿನಲ್ಲಿದ್ದ, ಮುಖಕ್ಕೆಲ್ಲ ಕೆಂಪು ಬಳಿದುಕೊಂಡ ಹುಡುಗಿಯೊಬ್ಬಳು ಮಾತ್ರ ಬಾಗಿ, ಬಹಳ ಮರ್ಯಾದೆಯಿಂದ ಕೇಳಿದಳು. "ಮೇಡಂ, ವಾರ್ಡೆಲ್ ಅಂದ್ರೆ ಏನು? ಯಾರಾದ್ರೂ ಆಟಗಾರನ ಹೆಸರಾ?"

ಬೈದಿದ್ದರೆ, ಕಾಲಮೇಲೆ ಬಿಯರ್ ಚೆಲ್ಲಿದ್ದರೆ, ಹಸಿರು ಅಂಗಿ ಹಿಡಿದೆಳೆದಿದ್ದರೆ ಅರ್ಲೀನಳಿಗೆ ಗೊತ್ತಿರುತ್ತಿತ್ತು ಏನು ಮಾಡಬೇಕೆಂದು. ಈ ಮಗುವಿನ ಮುಖದಲ್ಲಿ ದ್ವೇಷದ ಎಳೆಯೂ ಇರಲಿಲ್ಲ. ಅರ್ಲೀನ್ ಅರ್ಧ ಆಟಕ್ಕೇ ಎದ್ದು ಹೊರಬಂದಳು.

ಟಾಲಿವರ್ ಹೋದಮೇಲೆ ವಾರ್ಡೆಲ್‌ನ ಪಟ್ಟಿಯಲ್ಲಿ ತೆರವಾದ ಜಾಗಕ್ಕೆ ಬಂದದ್ದು ಸೇಂಟ್ ಕಿಲಿಯನ್ ಕಾಲೇಜು. ನದಿಯ ಮೇಲ್ಭಾಗದ ಸಣ್ಣ ಊರಿನಲ್ಲಿ ಸನ್ಯಾಸಿನಿಯರು ನಡೆಸುವ ಕಾಲೇಜು. ಮೊದಲ ವರ್ಷ ಅರ್ಲೀನ್ ಅವರನ್ನು ಬೈಯಲಿಕ್ಕೂ ಹೋಗಲಿಲ್ಲ. ಎರಡನೇ ವರ್ಷ ಅವರ ಬೆಂಚಿನ ಹಿಂದೆ, ಬೂದು ಸ್ವೆಟರು ಮತ್ತು ಆಟದ ಬೂಟು ತೊಟ್ಟ ಸಣ್ಣ ಗಾತ್ರದ ಮುದುಕಿಯೊಬ್ಬಳು ಬಂದು, ಇವಳ ಮುಂದಿನ ಸೀಟಿನಲ್ಲೇ ಕೂತಳು. ಅಲ್ಲಿ ರಸಾಯನಶಾಸ್ತ್ರ ಕಲಿಸುವ ಸಿಸ್ಟರ್ ಕೊಲಂಬಾ.

ಅರ್ಲೀನ್ ಅವರ ಹುಡುಗರಿಗೆ, "ಚೆಂಡು ಬುಟ್ಟಿಗೆ ಹಾಕ್ರೋ, ಕಾಣಿಕೆ ಡಬ್ಬಿ ಅಂದ್ಕೊಳ್ಳಿ!" ಎಂದು ಕೂಗಿದಳು. ಸಿಸ್ಟರ್ ತಿರುಗಿ, ಮೆಲುದನಿಯಲ್ಲಿ ಹೇಳಿದಳು. "ನಿಮ್ಮ ತಂಡಕ್ಕೋಸ್ಕರ ಪ್ರಾರ್ಥನೆ ಮಾಡ್ತೀನಮ್ಮಾ. ಅವ್ರು ಆಡೋದು ನೋಡಿದ್ರೆ ಅದೊಂದೇ ದಾರಿ ಉಳಿದಿರೋದು."

ಅರ್ಲೀನಳ ಮುಖ ಅರಳಿತು. ಇವಳಲ್ಲಿ ಸರಕಿದೆ ಎಂದುಕೊಂಡಳು. ಮೂರು ಚಳಿಗಾಲ ಇಬ್ಬರೂ ಒಬ್ಬರ ರಕ್ತ ಒಬ್ಬರು ಕುದಿಸಿದರು. ಸೇಂಟ್ ಕಿಲಿಯನ್ ಒಮ್ಮೆ ಕೊನೆಯ ಗಳಿಗೆಯಲ್ಲಿ ಗೆದ್ದಾಗ ಸಿಸ್ಟರ್ ಎದ್ದುನಿಂತು ಅರ್ಲೀನಳ ಮುಖದ ಹತ್ತಿರ ಚಪ್ಪಾಳೆ ತಟ್ಟಿದಳು. ಅರ್ಲೀನ್ ಆ ಇಡೀ ವಾರ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಹಾಗೆ ಉರಿದುಕೊಂಡು ಎಷ್ಟು ಕಾಲವಾಗಿತ್ತು!

ಮುಂದಿನ ವಸಂತದಲ್ಲಿ ವಾರ್ಡೆಲ್‌ನ ಅಧ್ಯಕ್ಷ ಕೀತ್ ವ್ಯಾಂಡಿವರ್ ಅವಳ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಹೂವು.

"ಅರ್ಲೀನ್, ಸುದ್ದಿ ಮೊದಲು ನಿಮಗೇ ಹೇಳ್ಬೇಕು ಅಂತ ಬಂದೆ. ನಮ್ಗೂ ಕರೆ ಬಂತು. ದೊಡ್ಡ ಒಕ್ಕೂಟ! ಶನಿವಾರ ಅಂಗಳದಲ್ಲಿ ಸಮಾರಂಭ. ಈ ಕಾಲೇಜಿನ ದನಿ ಅಂದ್ರೆ ನೀವೇ. ನೀವು ಎರಡು ಮಾತಾಡಿ, ಹೊಸ ಒಕ್ಕೂಟದ ಫಲಕದ ಪರದೆ ಎಳೀಬೇಕು."

"ಆ ಒಕ್ಕೂಟದಲ್ಲಿ ಯಾರ್ಯಾರಿದಾರೆ?"

ಅವನು ಹೆಸರುಗಳನ್ನು ಹೇಳಿದ. ಒಂದು ಊರು ಸಮುದ್ರದ ಹತ್ತಿರ, ಒಂದು ಬೆಟ್ಟಗಳಾಚೆ. ಎರಡನ್ನು ಅವಳು ಕೇಳಿಯೇ ಇರಲಿಲ್ಲ.

"ಸೇಂಟ್ ಕಿಲಿಯನ್?"

ವ್ಯಾಂಡಿವರ್ ಕತ್ತು ಓರೆಮಾಡಿದ. "ಅವ್ರ ಜೊತೆ ಕಳೆದ ದಿನಗಳನ್ನ ನಾವು ಗೌರವಿಸ್ತೀವಿ. ಆದ್ರೆ ವೇಳಾಪಟ್ಟಿಯಲ್ಲಿ…"

"ಸರಿ ಸರಿ," ಎಂದಳು ಅರ್ಲೀನ್. "ಬರ್ತೀನಿ. ಮಾತಾಡ್ತೀನಿ."

ಶನಿವಾರ ಅಂಗಳ ತುಂಬಿತ್ತು. ಹಸಿರು ಕೆನೆಯ ದೊಡ್ಡ ಕೇಕು, ವಾದ್ಯದವರು, ಹೊಸ ಒಕ್ಕೂಟದ ಟೋಪಿಗಳು. ಅಪ್ಪ ಉಜ್ಜುತ್ತಿದ್ದ ನೆಲದ ಮೇಲೆ ವೇದಿಕೆ ಕಟ್ಟಿದ್ದರು. ವ್ಯಾಂಡಿವರ್ ಅವಳ ಕೈಗೆ ಮೈಕು ಕೊಟ್ಟಾಗ ಜನ ಎದ್ದುನಿಂತು "ಅರ್ಲೀನ್! ಅರ್ಲೀನ್!" ಎಂದು ಕಾಲು ಬಡಿದರು. ಅವಳು ಸದ್ದು ಅಡಗುವವರೆಗೂ ಕಾದಳು.

"ನಾನು ಬೈಯೋದು ಎದುರಿನೋರನ್ನ," ಎಂದಳು. ಜನ ನಕ್ಕರು. "ಇವತ್ತು ಎದುರಿನೋರು ಯಾರೂ ಬಂದಿಲ್ಲ. ಇನ್ನು ಮುಂದೆ ಬರೋದೂ ಇಲ್ಲ. ಅದಕ್ಕೆ ನಿಮ್ಮನ್ನೇ ಬೈತೀನಿ."

ಇನ್ನೂ ನಗುತ್ತಿದ್ದರು.

"ಟಾಲಿವರ್ ನಮ್ಮನ್ನ ಬಿಟ್ಟು ಹೋದಾಗ ನೀವೆಲ್ಲ ಏನಂದ್ರಿ? ದುಡ್ಡಿಗೆ ಬಾಲ ಆಡಿಸೋ ನಾಯಿಗಳು ಅಂದ್ರಿ. ನಮ್ಮ ಚರ್ಚಲ್ಲೇ ಅಂದ್ರಿ. ಇವತ್ತು ನಿಮ್ಗೆ ಒಂದು ಮೂಳೆ ಎಸೆದ ತಕ್ಷಣ ಕೇಕು ಕತ್ತರಿಸ್ತಾ ಇದೀರಿ! ಸೇಂಟ್ ಕಿಲಿಯನ್ನೋರಿಗೆ ಯಾರಾದ್ರೂ ಒಂದು ಫೋನ್ ಮಾಡಿದೀರಾ? ವ್ಯಾಂಡಿವರ್, ಮಾಡಿದ್ಯಾ? ಅವ್ರು ಇದನ್ನ ಟಿವಿಲಿ ನೋಡಿ ತಿಳ್ಕೋಬೇಕಾ, ನಾನು ತಿಳ್ಕೊಂಡ ಹಾಗೆ?"

ನಗು ನಿಂತಿತು. ವ್ಯಾಂಡಿವರ್ ಮೈಕಿಗೆ ಕೈ ಚಾಚಿದ. ಅವಳು ಬೆನ್ನು ತಿರುಗಿಸಿದಳು.

"ಇನ್ಮೇಲೆ ನಮ್ಮ ಹುಡುಗ್ರು ಯಾವ್ದೋ ಮಂಗಳವಾರ ಸಮುದ್ರದ ಹತ್ರ ಆಡ್ತಾರೆ, ನೋಡೋಕೆ ಯಾರು ಹೋಗ್ತೀರಿ? ಅಲ್ಲಿಂದ ಬಂದ ತಂಡದ ಜೊತೆ ಬರೋರು ಯಾರು? ಖಾಲಿ ಕುರ್ಚಿನ ಬೈಲಾ ನಾನು? ಗೆಲ್ಲೋದಕ್ಕೆ ಯಾರ್ ಬೇಕಾದ್ರೂ ಸಿಗ್ತಾರ್ರೀ. ಸೋತ್ರೆ ಒಂದು ವಾರ ಅನ್ನ ಸೇರಬಾರ್ದು, ಅಂಥೋರು ಬೇಕು. ಅಂಥೋರು ಪಕ್ಕದ ಊರಲ್ಲೇ ಹುಟ್ಟೋದು!"

ಆಗ ಶುರುವಾಯಿತು. ಮೊದಲು ಹಿಂದಿನ ಸಾಲಿನಿಂದ, ಆಮೇಲೆ ಎಲ್ಲ ಕಡೆಯಿಂದ, "ಬೂ" ಎಂಬ ಹೀಯಾಳಿಕೆಯ ಕೂಗು. ಟಾಲಿವರ್‌ಗೆಂದು ಇದೇ ಗೋಡೆಗಳು ಕೇಳಿದ್ದ ಕೂಗು. "ಕೂತ್ಕೊಳ್ಳೇ ಮುದುಕಿ!" ಎಂದ ಒಬ್ಬ.

"ಜೀನ್ ಮೊಸ್ಬಿ, ನಿನ್ ದನಿ ಗೊತ್ತಾಯ್ತು," ಎಂದಳು ಅರ್ಲೀನ್. "ಮೊದಲು ಬಾಯಲ್ಲಿರೋ ಕೇಕು ನುಂಗು. ಆಮೇಲೆ ಬೈ. ಬೈಯೋದಕ್ಕೂ ಒಂದು ಶಿಸ್ತು ಇದೆ."

ಮೈಕಿನ ಸದ್ದು ನಿಲ್ಲಿಸಿದರು. ಅವಳಿಗೆ ಮೈಕು ಬೇಕಾಗಿರಲಿಲ್ಲ. ಪರದೆಯ ಹಗ್ಗ ಮುಟ್ಟದೆ, ಇನ್ನೂ ಎರಡು ಮಾತು ಹೇಳಿಯೇ ಕೆಳಗಿಳಿದಳು. ಆ ಎರಡು ಮಾತನ್ನು ಮಾರ್ಲೋದಲ್ಲಿ ಇವತ್ತಿಗೂ ಮಕ್ಕಳ ಮುಂದೆ ಹೇಳುವುದಿಲ್ಲ.

ಅಲ್ಲಿಂದ ನೇರ ಸೇಂಟ್ ಕಿಲಿಯನ್‌ಗೆ ಹೋದಳು. ಸಿಸ್ಟರ್ ಕೊಲಂಬಾ ಕಾಲೇಜಿನ ಹಿಂದೆ ಈರುಳ್ಳಿ ಸಸಿ ನೆಡುತ್ತಿದ್ದಳು. ಎದ್ದುನಿಲ್ಲಲೂ ಇಲ್ಲ.

"ಕೇಳ್ದೆ," ಎಂದಳು. "ಬುಧವಾರವೇ ನಮ್ಮ ಹುಡುಗ್ರು ಸುದ್ದಿ ಫೋನಲ್ಲಿ ತೋರಿಸಿದ್ರು. ಈಗ ನಿಮ್ಮ ಭಾಷಣಾನೂ ತೋರಿಸಿದ್ರು. ಭಾಷೆ ಚೆನ್ನಾಗಿರ್ಲಿಲ್ಲ."

"ಸಿಟ್ಟು ಬಂದಿತ್ತು ಸಿಸ್ಟರ್."

"ನನ್ಗೂ ಬಂದಿದೆ. ಮೂರು ದಿನದಿಂದ ಪಾದ್ರಿ ಹತ್ರ ಪಾಪನಿವೇದನೆಗೆ ಹೋಗ್ಬೇಕು ಅಂತಿದೀನಿ. ಹೋಗಿ ಹೇಳಿಬಿಟ್ರೆ ಸಿಟ್ಟು ಬಿಡ್ಬೇಕಾಗತ್ತೆ. ಅದಕ್ಕೆ ಹೋಗಿಲ್ಲ." ಸಿಸ್ಟರ್ ಮಣ್ಣನ್ನು ಗಟ್ಟಿಯಾಗಿ ಒತ್ತಿದಳು. "ನಿಮ್ಮ ಊರಿನೋರು ನಮ್ಮನ್ನ ಬಸ್ ಸ್ಟ್ಯಾಂಡ್ ಅಂದ್ಕೊಂಡಿದ್ರಾ? ಮುಂದಿನ ಬಸ್ಸು ಬರೋ ತನಕ ಕೂತ್ಕೊಳ್ಳೋ ಜಾಗ?"

ಅರ್ಲೀನಳಿಗೆ ತಾನು ಟಾಲಿವರ್‌ನ ಆ ಅಧ್ಯಕ್ಷನ ಪಕ್ಕದಲ್ಲಿ ನಿಂತಂತಾಯಿತು. ತನ್ನದಲ್ಲದ ತಪ್ಪಿಗೆ ಕ್ಷಮೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಮಂಡಿಯೂರಿ ಕೂತು ಸಸಿಗಳನ್ನು ಒಂದೊಂದಾಗಿ ತೆಗೆದು ಕೊಡತೊಡಗಿದಳು.

ಆಮೇಲಿನದು ಊರಿಗೆಲ್ಲ ಗೊತ್ತಿರುವ ಕಥೆ. ಅವಳ ಸೀಟನ್ನು ಕಾಲೇಜು ದಾನಿಗಳ ಸಾಲಿಗೆ ಸೇರಿಸಿತು. ಬೇರೆ ಕಡೆ ಕೊಡುತ್ತೇವೆಂದು ಹುಡುಗನೊಬ್ಬ ಫೋನು ಮಾಡಿದಾಗ, ಅದನ್ನು ವ್ಯಾಂಡಿವರ್‌ನ ತಲೆಯ ಮೇಲೆ ಹಾಕಿ ಎಂದಳು. ಜೀನ್ ಮೊಸ್ಬಿ ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದ. ವಾರ್ಡೆಲ್ ಹೊಸ ಒಕ್ಕೂಟದಲ್ಲಿ ಸೋಲುತ್ತಾ ಹೋಯಿತು. ದೂರದ ತಂಡಗಳು ವಿಮಾನದಲ್ಲಿ ಬಂದು, ಹದಿನೈದು ಜನರಿಂದ ಚಪ್ಪಾಳೆ ತಟ್ಟಿಸಿಕೊಂಡು, ಗೆದ್ದು ಹೋಗುತ್ತಿದ್ದವು. ಗೆದ್ದ ಸಂತೋಷವೂ ಅವರ ಮುಖದಲ್ಲಿರುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ದೊಡ್ಡ ತಂಡಗಳು ಇನ್ನೂ ದೊಡ್ಡ ಕಡೆಗೆ ಹಾರಿ, ಆ ಒಕ್ಕೂಟವೇ ಒಡೆಯಿತು. ಅಷ್ಟು ಹೊತ್ತಿಗೆ ವ್ಯಾಂಡಿವರ್ ಬೇರೊಂದು ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಹುದ್ದೆ ಹಿಡಿದಿದ್ದ.

ಅರ್ಲೀನಳನ್ನು ಎಲ್ಲಕ್ಕಿಂತ ಉರಿಸಿದ್ದು ಇದೇ. "ಓಡಿಹೋದ," ಎಂದು ಹಲ್ಲು ಕಡಿದಳು. "ಬೈಸಿಕೊಳ್ಳೋಕಾದ್ರೂ ಇರ್ಬೇಕಿತ್ತು."

ಅವನ ಜಾಗಕ್ಕೆ ಬಂದ ಹೊಸ ಅಧ್ಯಕ್ಷೆ ಒಳ್ಳೆಯ ಹೆಂಗಸು. ಅರ್ಲೀನಳನ್ನು ಕರೆಸಿ, ಸೇಂಟ್ ಕಿಲಿಯನ್ ಜೊತೆ ಮತ್ತೆ ಆಡಬೇಕೆಂದಿದ್ದೇವೆ, ಅವರು ನಮ್ಮ ಮಾತಿಗೆ ಉತ್ತರವನ್ನೇ ಕೊಡುತ್ತಿಲ್ಲ, ನೀವು ಆ ಸಿಸ್ಟರ್‌ಗೆ ಒಂದು ಮಾತು ಹೇಳಿ ನೋಡಿ ಎಂದಳು. ಅರ್ಲೀನ್ ಹೋದಳು. ಹೋಗುವಾಗ, ಬೇಡಬೇಡವೆಂದರೂ, ಮುಂದಿನ ಚಳಿಗಾಲಕ್ಕೆ ಏನೇನು ಕೂಗಬಹುದೆಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಸಿಸ್ಟರ್ ಪೂರ್ತಿ ಕೇಳಿಸಿಕೊಂಡಳು. ಈಗ ಕೋಲು ಹಿಡಿದು ನಡೆಯುತ್ತಿದ್ದಳು.

"ಆಗಲ್ಲ ಅಂತ ಹೇಳಮ್ಮ. ವೇಳಾಪಟ್ಟಿಯಲ್ಲಿ ಜಾಗ ಇಲ್ಲ ಅಂತ ಹೇಳು."

"ಜಾಗ ಇದೆ ಸಿಸ್ಟರ್. ನಂಗೊತ್ತು."

"ಇದೆ," ಎಂದಳು ಸಿಸ್ಟರ್. "ಅವ್ರಿಗಿಲ್ಲ."

ಅರ್ಲೀನ್ ಮರುದಿನವೇ ಅಧ್ಯಕ್ಷೆಯ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು, ಇಡೀ ಮಹಡಿಗೆ ಕೇಳುವಂತೆ ಆ ಮಾತು ಒಪ್ಪಿಸಿದಳು. ಗುಮಾಸ್ತರು ತಲೆಯೆತ್ತಿ ನೋಡಿದರು. ಬಹಳ ಕಾಲದ ಮೇಲೆ ಅವಳ ಗಂಟಲು ಪೂರಾ ತೆರೆದಿತ್ತು. ಮೆಟ್ಟಿಲಿಳಿದು ಬರುವಾಗ ಮಾತ್ರ, ತನ್ನ ಬಾಯಿಂದಲೇ ತನ್ನ ಮುಂದಿನ ಚಳಿಗಾಲವನ್ನು ಮುಚ್ಚಿಬಂದೆ ಎನ್ನುವುದು ತಿಳಿದು, ಕಂಬಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಸಿಸ್ಟರ್ ಮಾಡಿದ್ದು ಸರಿ. ಅದೇ ಅವಳ ಸಿಟ್ಟಿಗೆ ಎಣ್ಣೆ ಸುರಿದದ್ದು.

ಕೆಳಗೆ ಕಾರಿನಲ್ಲಿ ರಸ್ಸೆಲ್ ಕೂತಿದ್ದ. ಈಚೆಗೆ ಅವನಿಗೆ ಕಣ್ಣು ಮಂದವಾಗಿ, ಆಸ್ಪತ್ರೆ ಅಲ್ಲಿ ಇಲ್ಲಿ ಎಂದು ಅವಳೇ ಕರೆದುಕೊಂಡು ಓಡಾಡುತ್ತಿದ್ದಳು. ಸೇತುವೆಯ ಹತ್ತಿರ ಬರುವಾಗ ಅವನು ಸಮಾಧಾನಕ್ಕೆಂದು ಹಳೆಯ ಆಟವೊಂದರ ಸುದ್ದಿ ತೆಗೆದ.

"ಆ ವರ್ಷ ಹಿಮ ಬಿದ್ದಿತ್ತಲ್ಲ, ನಿಮ್ಮ ಉದ್ದನೆ ಹುಡುಗ ಕೊನೇಲಿ ಫೌಲ್ ಮಾಡಿ ನಿಮ್ಮನ್ನೇ ಸೋಲಿಸಿದ್ನಲ್ಲ…"

"ಫೌಲಾ?" ಎಂದಳು ಅರ್ಲೀನ್. "ಯಾವ ಫೌಲು? ನಿಮ್ಮೋನೇ ಬಂದು ಮೇಲೆ ಬಿದ್ದ!"

"ಕೈ ಹಿಡಿದೆಳೆದ. ನಾನು ಕಣ್ಣಾರೆ ನೋಡಿದೀನಿ."

"ಆವಾಗ್ಲೂ ನಿಂಗೆ ಕಣ್ಣು ಕಾಣಿಸ್ತಿರ್ಲಿಲ್ಲ! ರೆಫರಿಗೆ ಪುಕ್ಕಟೆ ಕ್ಷೌರ ಮಾಡ್ತಿದ್ದೆ ನೀನು, ಊರಿಗೆಲ್ಲ ಗೊತ್ತು!"

"ಅರ್ಲೀನ್, ಸುಮ್ನೆ ಬಾಯಿಗೆ ಬಂದ ಹಾಗೆ…"

ಅವಳು ಸೇತುವೆಯ ನಡುವೆ, ಹಿಂದೆ ಅವಳ ಪಾಲಿನ ಹಿಮ ಮುಗಿಯುತ್ತಿದ್ದ ಗೆರೆಯ ಮೇಲೆ, ಗಕ್ಕನೆ ಕಾರು ನಿಲ್ಲಿಸಿದಳು. "ಇಳಿ. ನನ್ನ ಗಾಡೀಲಿ ಕೂತು ಫೌಲ್ ಅಂತೀಯಾ? ಇಳಿ ಕೆಳಗೆ."

ರಸ್ಸೆಲ್ ಇಳಿದ. ಬಾಗಿಲನ್ನು ದಡಾರನೆ ಹಾಕಿ, ಸೇತುವೆಯ ಕಂಬಿ ಹಿಡಿದುಕೊಂಡು ಕೆಂಟಕಿಯ ಕಡೆಗೆ ನಡೆಯತೊಡಗಿದ. "ಫೌಲೇ!" ಎಂದು ಗಾಳಿಗೆ ಕೂಗಿದ. ಅರ್ಲೀನ್ ಕಿಟಕಿಯ ಗಾಜು ಇಳಿಸಿ, ಅವನ ಹೆಜ್ಜೆಗೆ ಸಮನಾಗಿ ನಿಧಾನಕ್ಕೆ ಕಾರು ಬಿಡುತ್ತಾ, ಕುತ್ತಿಗೆ ಹೊರಗೆ ಹಾಕಿ ಬೈಯುತ್ತಾ ಹೊರಟಳು. ಹಿಂದೆ ನಿಂತ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು.